ಉಕ್ಕದ ನದಿ

ನಮ್ಮ ಕಾಲದಲ್ಲಿ ಹಿಮಕ್ಕೂ ತಾರೀಖು ಇತ್ತು.
ಸಲಿಕೆಯಿಂದ ಅಡ್ಡ ಸೀಳಿದರೆ
ಬಿಳಿ, ಮಸಿ, ಬಿಳಿ, ಮಸಿ.
ಗಾಳಿ ನಮ್ಮ ಕಡೆ ತಿರುಗಿದ ದಿನಗಳನ್ನೆಲ್ಲ
ಎಣಿಸಿಬಿಡಬಹುದಿತ್ತು.
ಐಲಿ ಹೊಸಿಲಲ್ಲಿ ನಿಂತು, ಬೆರಳು ನೆಕ್ಕಿ ಎತ್ತಿ ಹಿಡಿದು
ಆಮೇಲಷ್ಟೇ ಹಾಸುಬಟ್ಟೆ ಒಣಹಾಕುತ್ತಿದ್ದಳು.

ಲೂಲಿಯೋ ಊರಿನ ಊದುಕುಲುಮೆಯಲ್ಲಿ
ಮೂವತ್ತೊಂದು ವರ್ಷ ನನ್ನದೊಂದೇ ಕೆಲಸ:
ಕೊರೆದು, ಬಾಯಿ ಬಿಡಿಸಿ, ಕೆಂಪನ್ನು ಹರಿಯಬಿಡುವುದು.
ಹುಬ್ಬು ಎರಡು ಸಲ ಸುಟ್ಟಿದೆ. ಎಡಗಿವಿ ಕೇಳಿಸದು.
ಅದಿರು ತನ್ನ ಉಸಿರನ್ನು ಕಚ್ಚಿ ಹಿಡಿದಿರುತ್ತದೆ;
ಬಿಡಿಸಲೆಂದು ಕಲ್ಲಿದ್ದಲು ಉಣಿಸುತ್ತಿದ್ದೆವು.
ಅದು ಆ ಉಸಿರನ್ನು ಕಸಿದುಕೊಂಡು
ಹೊಗೆಯಾಗಿ ಹೊರಟುಹೋಗುತ್ತಿತ್ತು.
ಎಲ್ಲಿಗೆ ಎಂದು ಕೇಳಿದವರಿಲ್ಲ,
ಸಂಬಳದ ದಿನವಂತೂ ಯಾರೂ.

ಈಗ ಮಗಳು ಮಾರಿತ್ ಅದೇ ಗೇಟಿನಲ್ಲಿ ಒಳಹೋಗುತ್ತಾಳೆ,
ಅಂಗಿಯ ಕಾಲರು ಬೆಳ್ಳಗೇ ಮನೆಗೆ ಬರುತ್ತದೆ.
ಒಮ್ಮೆ ಕರೆದೊಯ್ದು ತೋರಿಸಿದಳು.
ಬೆಂಕಿ ಎಲ್ಲಿ? ಅಂದೆ. ನಕ್ಕಳು.
ನೀರನ್ನು ಕರೆಂಟಿನಿಂದ ಸೀಳಿ
ಜಲಜನಕವನ್ನು ಅದಿರಿಗೆ ಊದುತ್ತಾರಂತೆ,
ಅದಿರಿನ ಉಸಿರು ಅದರ ಕೈಹಿಡಿದು
ಮತ್ತೆ ನೀರಾಗುತ್ತದಂತೆ.
ಅಷ್ಟೇ?
ಅಷ್ಟೇ ಅಪ್ಪಾ.
ಅಂಗೈಗೊಂದು ಗುಳಿಗೆ ಇಟ್ಟಳು: ಬೂದು, ಹಗುರ, ತೂತುತೂತು,
ಕರಗದೆಯೇ ಕಬ್ಬಿಣವಾದದ್ದು.
ಮನೆಗೆ ತಂದು ಕಿಟಕಿಯಲ್ಲಿಟ್ಟೆ.
ತುಕ್ಕು ಹಿಡಿಯತೊಡಗಿದೆ. ಬಿಟ್ಟ ಉಸಿರನ್ನು
ಕದ್ದು ಕದ್ದು ಮತ್ತೆ ಎಳೆದುಕೊಳ್ಳುತ್ತಿದೆ.

ಕರೆಂಟು ಎಲ್ಲಿಂದ ಎಂದು ನಾನು ಕೇಳಲಿಲ್ಲ.
ಕೇಳಿದ್ದು ಬಿಗ್ಗಾ, ಹಿಮಸಾರಂಗ ಕಾಯುವವಳು,
ನಮ್ಮ ಅಡುಗೆಮನೆಯಲ್ಲಿ, ಮೂರನೆಯ ಲೋಟ ಕಾಫಿಗೆ.
ಮೇಲೆ ಅಣೆಕಟ್ಟಿನ ಬಾಗಿಲು ತೆರೆದು ಮುಚ್ಚಿದಂತೆಲ್ಲ
ಹೆಪ್ಪುಗಟ್ಟಿದ ನದಿಯ ಅಡಿಯಲ್ಲಿ ನೀರು ಏರಿಳಿದು
ಅವಳಜ್ಜ ದಾಟುತ್ತಿದ್ದ ಕಡೆ ಈಗ ಮಂದೆ ದಾಟದು.
ಹೋದ ಚಳಿಗಾಲ ಹದಿನಾಲ್ಕು ತಲೆ ಮುಳುಗಿದವು.
"ಹೊಗೆ ಹೋಯಿತು, ಒಳ್ಳೆಯದೇ," ಎಂದಳು.
"ನದಿ ಉಕ್ಕಿದ್ದನ್ನು ಮಾತ್ರ ನನ್ನ ಮಗ ನೋಡಿಯೇ ಇಲ್ಲ."

ಉಕ್ಕಲು ಬಿಡದ ನದಿಯೇ
ಈಗ ನಮಗೆ ಉಕ್ಕು.

ಮಾರಿತ್ ಮಾತಾಡಲಿಲ್ಲ. ಐಲಿ ಸಕ್ಕರೆ ಸರಿಸಿದಳು.
ನಾನು ಹೊರಗೆ ಹೋಗಿ ಸಲಿಕೆ ಹಿಡಿದು ಹಿಮ ಸೀಳಿದೆ:
ಬಿಳಿ, ಬಿಳಿ, ಬಿಳಿ.
ಯಾವ ದಿನ ಬಿದ್ದದ್ದೋ ಓದಲಾಗಲಿಲ್ಲ.
ಹಗ್ಗದ ಮೇಲೆ ಹಾಸುಬಟ್ಟೆ ಮರಗಟ್ಟಿ ನಿಂತಿತ್ತು,
ಗಾಳಿ ಯಾವ ಕಡೆಯದೆಂದು
ಯಾರೂ ನೋಡಿರಲಿಲ್ಲ.