ಬಾಕಿ

ಬದಿಯಡ್ಕ ದಾಟುವ ಮೊದಲೇ ಹೊಟ್ಟೆ ಬೆಲ್ ಹೊಡೆಯಿತು.
ಡಬಲ್ ಅಲ್ಲ, ಒಂದೇ: ನಿಲ್ಲಿಸು.
ಡ್ರೈವರ್ ಕುಂಞಂಬು ನಕ್ಕ. ಐವತ್ತು ಜನ ಕಾದರು,
ನಾನು ಪೆಟ್ರೋಲ್ ಪಂಪಿನ ಹಿಂದೆ.

ಚೀಟಿಯ ಮಲಯಾಳ ನನಗೆ ಓದಲು ಬಾರದು.
ಮದ್ದಿನಂಗಡಿಯ ಹುಡುಗಿ ಪೊಟ್ಟಣದ ಮೇಲೆ ಗೀಚಿದಳು
ಅರ್ಧ ಸೂರ್ಯ, ಇಡೀ ಸೂರ್ಯ, ಚಂದ್ರ.
"ಐದು ದಿನ. ಕಳ್ಳು ಮುಟ್ಟಬೇಡಿ ಐತಪ್ಪಣ್ಣ,
ಭೇದಿ ನಿಂತರೂ ಗುಳಿಗೆ ನಿಲ್ಲಿಸಬೇಡಿ."

ಮೂರನೆಯದಕ್ಕೇ ನಾಲಗೆಯೆಲ್ಲ ನಾಣ್ಯ.
ಹದಿನಾರು ವರ್ಷ ಬೆರಳಲ್ಲಿದ್ದ ವಾಸನೆ
ಬಾಯಿಗೆ ಬಂದಿದೆ;
ಚಾ ಕುಡಿದರೂ ಚಿಲ್ಲರೆ, ಗಂಜಿ ಉಂಡರೂ ಚಿಲ್ಲರೆ.

ಟಿಕೆಟಿಲ್ಲದೆ ಕರುಳಿಗೆ ಹತ್ತಿದವರು
ಇಳಿಯುತ್ತಿರಬೇಕು, ಕಾಣುವುದಿಲ್ಲ.

ನಾಲ್ಕನೇ ದಿನ ಮುಳ್ಳೇರಿಯದವರೆಗೂ ಹೊಟ್ಟೆ ಸುಮ್ಮನಿತ್ತು.
ರಾತ್ರಿ ಪೊಟ್ಟಣ ಎಣಿಸಿದೆ: ಇನ್ನು ಮೂರು.
ಬಾಕಿ ಕೊಡದೆ ಯಾರನ್ನೂ
ಇಳಿಸಿದವನಲ್ಲ ನಾನು.