ಬಿಚ್ಚುವ ಕೂಲಿ

ಹಚ್ಚುವಾಗ ಒಂದಕ್ಕೆ ನಲವತ್ತು ಪೈಸೆ.
ಬಿಚ್ಚಲು ಅರವತ್ತು.
ಹೆಸರು ಹೊಲಿಯುವುದಕ್ಕಿಂತ ಕೀಳುವುದೇ ತ್ರಾಸು ಎಂದು
ಖಲಂದರ್ ಸಾಹೇಬರು ಒಪ್ಪಿಕೊಂಡ ದಿನ
ಕೌಲ್ ಬಜಾರಿನ ನಮ್ಮ ಯೂನಿಟ್ಟಿಗೆ
ಒಂಬೈನೂರು ಪ್ಯಾಂಟು ವಾಪಸು ಬಂದಿದ್ದವು,
ಕಟ್ಟಿದ ಗಂಟು ಕಟ್ಟಿದ ಹಾಗೇ.

ಸೊಂಟದ ಹಿಂದೆ, ಬೆಲ್ಟಿನ ಪಟ್ಟಿಯ ಮೇಲೆ
ಬೆರಳುದ್ದದ ರೆಕ್ಸಿನ್ ತುಂಡು:
ಬಗ್ಗಿದ ಬೆನ್ನು, ಎರಡು ಗಾಲಿ,
ಕೆಳಗೆ 'ಎರ್ರಿ'.
ತೆಲುಗಿನಲ್ಲಿ ಎರ್ರಿ ಅಂದರೆ ಹುಚ್ಚ.
ನಮ್ಮ ಕಡೆ ಅದು ಹರಕೆಯ ಹೆಸರು.
ಎರ್ರಿಸ್ವಾಮಿ, ಹಮಾಲಿ ಗಾದಿಲಿಂಗಪ್ಪನ ಎರಡನೇ ಮಗ,
ನಸುಕಿನಲ್ಲಿ ಅದಿರು ಲಾರಿಗಳ ಬೆನ್ನು ಹಿಡಿದು
ಸಂಡೂರಿನ ಹಾದಿಗೆ ಹೋಗಿ
ಬಿಸಿಲೇರುವ ಹೊತ್ತಿಗೆ ಕೆಂಪು ಹಲ್ಲು ಬಿಟ್ಟು ನಗುತ್ತ ಬರುತ್ತಿದ್ದವ.

ದೂರದೇಶದ ತಂಡ ಅವನನ್ನು ಕೊಂಡುಕೊಂಡಾಗ
'ಕೊಂಡ್ರಾ? ಎತ್ತಿನಂಗಾ?' ಅಂದಿದ್ದಳು ದುರುಗಮ್ಮ.
'ಹೂಂ, ಹಲ್ಲು ನೋಡಿ' ಅಂದಿದ್ದ ಕಟಿಂಗ್ ಮಾಸ್ಟರ್ ಮಾರೆಪ್ಪ.
ಅಲ್ಲಿಯ ಸಂಜೆ ನಮಗೆ ರಾತ್ರಿ ಎಂಟು.
ಓವರ್‌ಲಾಕ್ ಮೆಷಿನ್ನಿಗೆ ಮೊಬೈಲು ಒರಗಿಸಿ
ಹನ್ನೆರಡು ಹೆಂಗಸರು, ಗುಂಡಿ ಹಚ್ಚುವ ಇಬ್ಬರು ಹುಡುಗರು
ಯಾವುದೋ ಹಿಮದ ಗುಡ್ಡ ಹತ್ತಿದೆವು.
ಅವರ ಮಾತು ಒಂದೂ ತಿಳಿಯದು.
ಅವನ ಹೆಸರನ್ನು ಹುಣಸೆಬೀಜ ಕಚ್ಚಿದವರ ಹಾಗೆ
ಅವರು ಅನ್ನುವುದಷ್ಟೇ ತಿಳಿಯುತ್ತಿತ್ತು.
ಅವನು ಸೀಟು ಬಿಟ್ಟೆದ್ದು ತುಳಿದಾಗ
ನನ್ನ ಕಾಲೂ ಪೆಡಲನ್ನು ತಾನೇ ಒತ್ತಿ
ಅರ್ಧ ಮೀಟರ್ ಅಂಚು ಸೊಟ್ಟ ಹೋಯಿತು.
ಸಾಹೇಬರು ಬೈಯಲಿಲ್ಲ. ಅವರೂ ನೋಡುತ್ತಿದ್ದರು.

ಆಮೇಲೆ ಎರಡು ಬಾಟ್ಲಿಯ ಸುದ್ದಿ.
ಮೊದಲನೆಯದು ಕೆಟ್ಟಾಗ ಊರಿಗೆಲ್ಲ ಒಂದೇ ಬಾಯಿ:
'ಯಾರೋ ಬೆರಸ್ಯಾರ. ನಮ್ಮ ಹುಡುಗ ಅಂಥವನಲ್ಲ.'
ಎರಡನೆಯದೂ ಅದನ್ನೇ ಹೇಳಿದ ಮೇಲೆ
ಚಹಾದ ಖಾಜಾ ಗೋಡೆಯ ಫೋಟೋ ತಿರುವಿ ಹಾಕಿದ;
ಬೆನ್ನಿಗೆ ಗೊಬ್ಬರದ ಜಾಹೀರಾತು ಇತ್ತು.
ಅವನಂತೆ ಕೂದಲು ಕತ್ತರಿಸಿಕೊಂಡಿದ್ದ ನನ್ನ ತಮ್ಮನ ಮಗ
ಪೂರ್ತಿ ಬೋಳಿಸಿಕೊಂಡು ಬಂದು ಊಟ ಬೇಡವೆಂದ.
ಮೋತಿ ಸರ್ಕಲ್ಲಿನಲ್ಲಿ ಹಾರ ಹಾಕಿದ್ದವರೇ
ಸೈಕಲ್ ಟೈರು ಸುಟ್ಟರು.
ಫೋಟೋದವನು ಬರುವಷ್ಟರಲ್ಲಿ ಅದು ಉರಿದು ಮುಗಿದಿತ್ತು,
ಲಾರಿಯದೊಂದು ತರಿಸಿದರು.
ಗಾದಿಲಿಂಗಪ್ಪ ಮೂಟೆ ಇಳಿಸುತ್ತಲೇ ಇದ್ದ.
ಕೇಳಿದವರಿಗೆ 'ಹೊತ್ತಾಗೈತಿ' ಅಂದನಂತೆ,
ಹಗಲು ಹನ್ನೊಂದಕ್ಕೆ.

'ಎಲ್ರೂ ತಗೋತಾರ, ಸಿಕ್ಕವ ಕಳ್ಳ' ಮಾರೆಪ್ಪನದು.
'ಗುಡ್ಡ ಹತ್ತಿದ್ದು ಅವನ ಕಾಲಲ್ಲೇನು?' ದುರುಗಮ್ಮ.
'ಮತ್ತೆ ಹಿಂದೆ ಉಳಿದವರ ಕಾಲು?' ಅಂದ
ಗುಂಡಿ ಹಚ್ಚುವ ಹುಡುಗ, ತಲೆ ಎತ್ತದೆ.
ಯಾರೂ ಮಾತಾಡಲಿಲ್ಲ.
ಕರೆಂಟು ಬಂತು.

ನಾನೂ ಏನೂ ಅನ್ನಲಿಲ್ಲ.
ದೀಪಾವಳಿ ಆರ್ಡರಿನ ಮೂರು ರಾತ್ರಿ
ಸೂಪರ್‌ವೈಸರ್ ಚೀಟಿಯಲ್ಲಿ ಸುತ್ತಿ ಕೊಟ್ಟ ಬಿಳಿ ಗುಳಿಗೆಯನ್ನು
ಚಹಾದ ಜೊತೆ ನುಂಗಿದವಳು ನಾನು.
ನಿದ್ದೆ ಗೋಡೆಯಾಚೆ ನಿಂತು ಕೆಮ್ಮುತ್ತಿತ್ತು.
ನಾನೂರ ಹನ್ನೊಂದು ಪೀಸು.
ಬೋರ್ಡಿನಲ್ಲಿ ಇನ್ನೂ ಇದೆ, ಸೀಮೆಸುಣ್ಣದಲ್ಲಿ, ಶಾಹೀನಾ ಎಂದು.
ಬಾಟ್ಲಿ ಹಿಡಿದು ಯಾರೂ ಬಂದಿಲ್ಲ.

ಹಾಗಂತ ಮಾಫಿ ಮಾಡಿದೆ ಅಂತಲ್ಲ.
ಆ ಗುಡ್ಡದ ರಾತ್ರಿ ಸೊಟ್ಟ ಹೋದ ಅಂಚನ್ನು
ಬಿಚ್ಚಿ ಮತ್ತೆ ಹೊಲಿದಿದ್ದೆ, ಪುಕ್ಕಟೆ.
ಅರ್ಧ ಮೀಟರ್ ಅವನು ನನಗೆ ಬಾಕಿ.

ಹೊಸ ಲೇಬಲ್ಲು ಹುಲಿಯದು. ಹುಲಿ ಯಾರ ಮಗನೂ ಅಲ್ಲ.
ಅಳತೆಯಲ್ಲಿ ಮಾತ್ರ ಕೊಂಚ ಚಿಕ್ಕದು:
ವಾಷಿಂಗಿನಲ್ಲಿ ಸುತ್ತೆಲ್ಲ ಮಾಸಿ
ಎರ್ರಿ ಕೂತಿದ್ದ ಜಾಗವೊಂದು ಕಡುನೀಲಿ ಉಳಿದು
ಹುಲಿಯ ನಾಲ್ಕೂ ಕಡೆ ಇಣುಕುತ್ತದೆ.

ಸಂಜೆ ಸಾಹೇಬರು ಎಣಿಸಿದರು.
ನೂರಾ ಎಂಬತ್ತು ಒಯ್ದಿದ್ದೆ, ಬಿಚ್ಚಿದ್ದು ನೂರಾ ಎಪ್ಪತ್ತೊಂಬತ್ತು.
ಇನ್ನೊಂದು ಎಲ್ಲಿ ಅಂತ ಅವರು ಕೇಳಲಿಲ್ಲ.
ಅರವತ್ತು ಪೈಸೆ ಹಿಡಿದು ಕೊಟ್ಟರು.
ಲೆಕ್ಕ ಸರಿಯಿದೆ ಅಂದೆ.