ಔಷಧಿ ಹಾಕದ ಲೋಟ

ತೂತುಕುಡಿಯ ಬಲೆಗೆ ಬೇಡದೆ ಬಿದ್ದದ್ದು
ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ
ಮೂರು ಬಸ್ಸು ಬದಲಿಸಿ ಚಿಂತಾಮಣಿಗೆ ಇಳಿಯಿತು.
ಕಂಡಕ್ಟರು ಮೂಗು ಹಿಡಿದೇ ಸಹಿ ಹಾಕಿಸಿಕೊಂಡ.

ರುಖಿಯಾ ಮೇಡಂ ಮುಚ್ಚಳ ತೆಗೆದರು.
ಸಮುದ್ರ ನೋಡದ ನಾನು ಬಗ್ಗಿ ನೋಡಿದೆ:
ಇದ್ದಿಲಿನಂಥ ಕರಿ, ಕೆಸುವಿನ ಗೆಡ್ಡೆಯಷ್ಟು,
ಮೈತುಂಬ ಸಾಸಿವೆ ಹಿಡಿಯುವ ತೂತು.
ಕಣ್ಣೆಲ್ಲಿ ಮೇಡಂ? ಇಲ್ಲ.
ಬಾಯಿ? ಮೈಯೆಲ್ಲ ಬಾಯಿ.
ಕಾಲು?
ಅದೂ ಇಲ್ಲ ಪಿಳ್ಳಮ್ಮ. ಅದಕ್ಕೇ.
ಓಡಲಾರದ್ದು ವಿಷ ಕಲಿಯುತ್ತೆ.

ಹನ್ನೊಂದು ವರ್ಷ ಈ ಲ್ಯಾಬಿನ ನೆಲ ಒರೆಸಿದ್ದೇನೆ.
ಈ ಮಾತು ಮಾತ್ರ ಬಟ್ಟೆಗೆ ಹತ್ತಲಿಲ್ಲ.

ಈಗ ನನ್ನ ಕೆಲಸ ಸೊಳ್ಳೆಮರಿ ಸಾಕುವುದು.
ನಾಯಿ ಬಿಸ್ಕತ್ತು ಮೂರು ಪಾಲು, ಈಸ್ಟು ಒಂದು ಪಾಲು
ಕುಟ್ಟಿ ಪುಡಿ ಮಾಡಿ ಚಿಟಿಕೆ ಚಿಟಿಕೆ
ಬಿಳಿ ಟ್ರೇಗಳಿಗೆ ಉದುರಿಸುತ್ತೇನೆ.
ಹುಡುಕಿ ತರಲು ದೂರ ಹೋಗಬೇಕಿಲ್ಲ.
ನಮ್ಮ ಬೀದಿಗೆ ನಲ್ಲಿ ಬರುವುದು ಒಂಬತ್ತು ದಿನಕ್ಕೊಮ್ಮೆ,
ಅಕ್ಕಯ್ಯಮ್ಮನ ನೀಲಿ ಡ್ರಮ್ಮಲ್ಲಿ ನೀರು ನಿಲ್ಲುವುದು ಒಂಬತ್ತು ದಿನ,
ಮೊಟ್ಟೆಗೆ ರೆಕ್ಕೆ ಮೂಡಲು ಬೇಕಾದದ್ದೂ ಅಷ್ಟೇ.
ಯಾರು ಯಾರಿಂದ ಕಲಿತರೋ ಈ ಲೆಕ್ಕ,
ನಗರಸಭೆಯೋ, ಸೊಳ್ಳೆಯೋ.

ಜರಡಿ ಹಿಡಿದು ಹೋದರೆ ಅಕ್ಕಯ್ಯಮ್ಮ ನಗುತ್ತಾಳೆ,
"ರಾವೇ ತಲ್ಲಿ, ನಮ್ಮ ಹುಳಕ್ಕೂ ಗಿರಾಕಿ ಸಿಕ್ಕಿದಳು."
ಹೋದ ಶ್ರಾವಣ ಅವಳ ಮೊಮ್ಮಗನ ಪ್ಲೇಟ್ಲೆಟ್ಟು
ಹದಿನೆಂಟು ಸಾವಿರಕ್ಕಿಳಿದಾಗ ನಕ್ಕಿರಲಿಲ್ಲ.
ಹುಡುಗ ಉಳಿದ. ಡ್ರಮ್ಮೂ ಉಳಿಯಿತು.
ನೀರು ತುಂಬಿಡದೆ ಬದುಕುವುದು ಹೇಗೆ?

ಕತ್ತರಿಸಿ, ಮೆಥನಾಲಿನಲ್ಲಿ ನೆನೆಹಾಕಿ, ಸೋಸಿ,
ಗಿರಗಿರ ಸುತ್ತುವ ಗಾಜಿನ ಬುರುಡೆಯಲ್ಲಿ ಆರಿಸಿ,
ಕಡೆಗೆ ಬುಡದಲ್ಲಿ ಉಳಿದದ್ದು
ಹಳೇ ಬೆಲ್ಲದ ಪಾಕದಂಥದ್ದು, ಹೆಬ್ಬೆರಳ ಉಗುರಿನಷ್ಟು.
ಮೊದಲು ತಟ್ಟೆಯ ರೋಗಾಣುಗಳಿಗೆ.
ಬೆಳಿಗ್ಗೆ ನೋಡಿದರೆ ಮಸುಕಿನ ನಡುವೆ
ಗುಂಡಗೆ ಗುಡಿಸಿಟ್ಟ ಜಾಗ,
ರಂಗೋಲಿ ಇಡುವ ಮೊದಲಿನ ಅಂಗಳ.
ಮೇಡಂ ಸ್ಕೇಲಿಟ್ಟರು. ಹದಿನಾಲ್ಕು ಮಿಲಿಮೀಟರು.
ಅಷ್ಟಕ್ಕೇ ಸಿಹಿ ತರಿಸಿದರು.

ಆಮೇಲೆ ಲೋಟಗಳು. ಒಂದೊಂದಕ್ಕೆ ಇಪ್ಪತ್ತೈದು ಮರಿ,
ನಾನೇ ಎಣಿಸಿ ಬಿಟ್ಟವು.
ತಲೆಕೆಳಗಾಗಿ ತೂಗುತ್ತ ಬಾಲದಲ್ಲಿ ಉಸಿರಾಡುತ್ತವೆ,
ನೆರಳು ಬಿದ್ದರೆ ಕೊಂಕಿ ಕೊಂಕಿ ತಳ ಸೇರುತ್ತವೆ.
ಮರುದಿನ ಸೂಜಿಯಿಂದ ಮುಟ್ಟಬೇಕು.
ಅಲ್ಲಾಡಿದರೆ ಜೀವ.
ಇಪ್ಪತ್ಮೂರು ಅಲ್ಲಾಡಲಿಲ್ಲ.

ಕೊನೆಯ ಲೋಟಕ್ಕೆ ಏನೂ ಹಾಕಿರುವುದಿಲ್ಲ,
ಹೋಲಿಸಿ ನೋಡಲು ಇಟ್ಟದ್ದು.
ಅಲ್ಲಿ ಇಪ್ಪತ್ತೈದೂ ಚುರುಕು,
ನನ್ನ ಬೆರಳು ಕಂಡರೆ ಬಿಸ್ಕತ್ತೆಂದು ಮೇಲೆ ಬರುತ್ತವೆ.
ಲೆಕ್ಕ ಬರೆದಾದ ಮೇಲೆ ಅದಕ್ಕೆ
ಕೆಟಲಿನ ಕುದಿನೀರು ಸುರಿಯುವುದೂ ನನ್ನ ಕೆಲಸವೇ.
ಅದು ಕಾಗದದಲ್ಲಿ ಬರುವುದಿಲ್ಲ.
ಕಾಗದದಲ್ಲಿ ಅವು ಇನ್ನೂ ಬದುಕಿವೆ.

ಒಂದು ದಿನ ಕೇಳಿಯೇಬಿಟ್ಟೆ:
ಅಕ್ಕಯ್ಯಮ್ಮನ ಡ್ರಮ್ಮಿಗೆ ಎಷ್ಟು ಬೇಕು ಮೇಡಂ?
ಕ್ಯಾಲ್ಕುಲೇಟರು ಒತ್ತಿದರು, ಅಳಿಸಿ ಮತ್ತೆ ಒತ್ತಿದರು,
ಕಿಟಕಿಯಾಚೆ ಅಂಬಾಜಿದುರ್ಗದ ಬಂಡೆ ನೋಡಿದರು.
"ಹಾಗಾದರೆ ಸಮುದ್ರವನ್ನೇ ಬೋಳಿಸಬೇಕಾಗುತ್ತೆ.
ಅದರ ಗುಟ್ಟು ಓದಿಕೊಂಡರೆ
ನಾವೇ ಮಾಡಿಕೊಳ್ಳಬಹುದು."
ಎಷ್ಟು ವರ್ಷ ಅಂತ ನಾನು ಕೇಳಲಿಲ್ಲ.

ರಸ ತೆಗೆದ ಹಿಪ್ಪೆ ಎಸೆಯಲು ಕೊಟ್ಟಿದ್ದರು.
ಬಿಳಿಚಿ, ಒಣಗಿ, ಹತ್ತಿಯಂತೆ ಹಗುರ.
ಯಾಕೋ ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದೆ. ಬರೀ ಗಾಳಿ.
ನನ್ನ ಬಾಟಲಿಯ ತಳದ ಗುಟುಕು ಸುರಿದೆ.
ಎಳೆದುಕೊಂಡಿತು, ಒಂದೇ ಸಲಕ್ಕೆ.
ಸತ್ತು ತಿಂಗಳಾಯಿತು, ವಿಷವನ್ನೂ ಕಿತ್ತುಕೊಂಡೆವು,
ಕುಡಿಯುವುದು ಮಾತ್ರ ಬಿಟ್ಟಿಲ್ಲ.

ಸಂಜೆ ಬೀದಿ ತುಂಬ ನಲ್ಲಿಗಳ ಗೊರಗೊರ.
ಒಂಬತ್ತನೇ ದಿನ.
ಅಕ್ಕಯ್ಯಮ್ಮ ಡ್ರಮ್ಮು ಮಲಗಿಸಿ
ಸೊಂಟದವರೆಗೆ ಒಳಗಿದ್ದಳು, ತೆಂಗಿನ ನಾರು ಹಿಡಿದು.
ಸೆರಗು ಸಿಕ್ಕಿಸಿ ನಾನೂ ಬಗ್ಗಿದೆ.
ಬಾಯಿಗೆ ಕಟ್ಟೋಕೆ ಹಳೇ ಪಂಚೆ ಇದೆಯಾ, ಎಂದೆ.
ಡ್ರಮ್ಮು ಅದನ್ನೇ ಇನ್ನೊಮ್ಮೆ ಕೇಳಿತು.